ಮೆಣಸು ಕೊಯ್ಯುವ ಸುಧಾ ಕೊಂಡ ಟ್ಯಾಂಕ್ ಗೇಮ್

ಬೆಳಿಗ್ಗೆ ಆರೂಮುಕ್ಕಾಲು. ಸುಂಟಿಕೊಪ್ಪದಿಂದ ಮೂರು ಕಿಲೋಮೀಟರ್ ಒಳಗಿರುವ ಕಾಫಿ ತೋಟದಲ್ಲಿ ಸುಧಾ ಕುಕ್ಕುರುಗಾಲಲ್ಲಿ ಕೂತು, ನೆಲದ ಮೇಲೆ ಮಲಗಿಸಿದ ಬಿದಿರಿನ ಏಣಿಯ ಗೂಟಗಳನ್ನು ಕತ್ತಿಯ ಬೆನ್ನಿನಿಂದ ಒಂದೊಂದಾಗಿ ಕುಟ್ಟುತ್ತಿದ್ದಾರೆ. ಕುಟ್ಟುತ್ತಾರೆ, ಕಿವಿಗೊಡುತ್ತಾರೆ, ಮುಂದಿನದಕ್ಕೆ ಸರಿಯುತ್ತಾರೆ. ಒಂದೇ ಬಿದಿರು, ಅದರಲ್ಲಿ ಅಡ್ಡಡ್ಡ ಇಪ್ಪತ್ತಾರು ಗೂಟ. ಇಪ್ಪತ್ತಾರೂ ಒಂದೇ ಥರ ಸದ್ದು ಮಾಡಿದ ಮೇಲೆ ಎದ್ದು, ತಲೆಗೆ ಟವೆಲ್ ಸುತ್ತಿ, ಸೊಂಟಕ್ಕೆ ಚೀಲ ಬಿಗಿಯುತ್ತಾರೆ. ತೊಟ್ಟಿರುವುದು ತಮ್ಮನ ಹಳೆಯ ಪ್ಯಾಂಟು, ಉದ್ದ ತೋಳಿನ ಅಂಗಿ. ಕಾಲು ಬರಿಗಾಲು.

ಅರವತ್ತೆಂಟು ವರ್ಷದ ಕೂಸಪ್ಪ ಏಣಿಯನ್ನು ಎತ್ತಿ ಸಿಲ್ವರ್ ಓಕ್ ಮರಕ್ಕೆ ಒರಗಿಸುತ್ತಾರೆ. ಮರದ ತುಂಬ ಮೆಣಸಿನ ಬಳ್ಳಿ. ಕೆಳಗಿನ ತೆನೆಗಳನ್ನು ಯಾರು ಬೇಕಾದರೂ ನಿಂತೇ ಕೊಯ್ಯಬಹುದು. ಮೇಲಿನ ಮೂವತ್ತು ಅಡಿಗೆ ಮಾತ್ರ ಸುಧಾ ಬೇಕು. ಅವರು ಬಿದಿರಿಗೆ ಕೈ ಹಚ್ಚಿ, ಹಿಂದೆ ತಿರುಗಿ ನೋಡದೆ ಕೇಳುತ್ತಾರೆ, "ಕಾಲು?"

"ಇಟ್ಟಿದೀನಿ, ಹತ್ತು," ಎನ್ನುತ್ತಾರೆ ಕೂಸಪ್ಪ. ಅವರ ಬಲಗಾಲು ಏಣಿಯ ಕೊನೆಯ ಗೂಟದ ಮೇಲಿದೆ, ಎರಡೂ ಕೈ ಬಿದಿರನ್ನು ಹಿಡಿದಿವೆ.

ಈ ಎರಡು ಮಾತು ಆಗದೆ ಇಲ್ಲಿ ಯಾರೂ ಏಣಿ ಹತ್ತುವುದಿಲ್ಲ. ಮೇಲೆ ತಲುಪಿದವರು ಏಣಿಯ ತುದಿಯನ್ನು ಹಗ್ಗದಿಂದ ಮರಕ್ಕೆ ಕಟ್ಟುತ್ತಾರೆ. ಕಟ್ಟಿದ ಮೇಲೆ ಕೆಳಗಿನವರು ಕಾಲು ತೆಗೆದು ಉದುರಿದ ಮೆಣಸು ಹೆಕ್ಕಬಹುದು, ಬೀಡಿ ಸೇದಬಹುದು. ಮರದ ಇನ್ನೊಂದು ಮಗ್ಗುಲಿಗೆ ಹೋಗಬೇಕಾದಾಗ ಮೇಲಿನವರು ಹಗ್ಗ ಬಿಚ್ಚುತ್ತಾರೆ. ಆಗ ಮತ್ತೆ "ಕಾಲು?" ಎಂದು ಕೇಳಬೇಕು, ಮತ್ತೆ ಕೆಳಗಿನವರು ಗೂಟ ಮೆಟ್ಟಿ ನಿಲ್ಲಬೇಕು. ಹಗ್ಗ ಬಿಚ್ಚಿ ಮತ್ತೆ ಕಟ್ಟುವ ಆ ಒಂದು ನಿಮಿಷ, ಹತ್ತಿದವರ ಜೀವ ಇರುವುದು ಕೆಳಗಿನವರ ಕಾಲಿನಲ್ಲಿ.

ಸ್ಟೂಲ್ ಹತ್ತಿ ಬಲ್ಬ್ ಹಾಕಿದರೂ ತಲೆ ತಿರುಗುವ ಆಸಾಮಿ ನಾನು. ಬುಡದಲ್ಲಿ ನಿಂತು ಕತ್ತು ಮೇಲೆ ಮಾಡಿದ್ದಕ್ಕೇ ಪಕ್ಕದ ಕಾಫಿ ಗಿಡ ಹಿಡಿದುಕೊಂಡೆ. ಸುಧಾ ಅಲ್ಲಿ ಒಂದು ತೋಳಲ್ಲಿ ಮರ ತಬ್ಬಿ, ಇನ್ನೊಂದು ಕೈಯಲ್ಲಿ ತೆನೆ ಕಿತ್ತು ಚೀಲಕ್ಕೆ ಹಾಕುತ್ತಿದ್ದರು. ಎಲೆಯ ನಡುವೆ ಅವರ ಹಿಮ್ಮಡಿ ಮಾತ್ರ ಕಾಣುತ್ತಿತ್ತು. ದಿನಕ್ಕೆ ಹತ್ತು ಹನ್ನೆರಡು ಮರ, ಬಳ್ಳಿ ಒಳ್ಳೆಯದಿದ್ದರೆ ಮೂವತ್ತೈದು ಕಿಲೋ ಹಸಿ ಮೆಣಸು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇದೇ ಕೆಲಸ. ಉಳಿದಂತೆ ಕಾಫಿ ಹಣ್ಣು, ಕಳೆ, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ, ಯಾವುದು ಸಿಕ್ಕಿದರೆ ಅದು. ಈ ಸುತ್ತಿನಲ್ಲಿ ಏಣಿ ಹತ್ತಿ ಮೆಣಸು ಕೊಯ್ಯುವ ಹೆಂಗಸು ಇವರೊಬ್ಬರೇ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಹೇಳಿದರು. ಹೊಗಳಿಕೆಯೇನೂ ಇರಲಿಲ್ಲ ಅದರಲ್ಲಿ. ಇದೆಲ್ಲ ಯಾಕೆ ಬೇಕಿತ್ತು ಆಕೆಗೆ ಎಂಬ ಧಾಟಿಯಿತ್ತು.

ಸುಧಾಗೆ ಈಗ ನಲವತ್ತೆರಡು. ತಂದೆ ಗಂಗಣ್ಣ ಅರಕಲಗೂಡು ಕಡೆಯಿಂದ ಲಾರಿ ಲೋಡಿಂಗ್ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರು. ಸುಧಾ ಮದುವೆಯಾಗಿ ಸೋಮವಾರಪೇಟೆ ಕಡೆ ಹೋಗಿ, ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತೌರಿಗೆ ವಾಪಸಾದರು. ಅಷ್ಟರಲ್ಲಿ ತಂದೆ ಇರಲಿಲ್ಲ. ತಮ್ಮ ಮಂಜೇಶ್ ಮೆಣಸು ಕೊಯ್ಯುವುದರಲ್ಲಿ ಹೆಸರು ಮಾಡಿದ್ದ. ಅವನು ಮೇಲೆ, ಅಕ್ಕ ಕೆಳಗೆ. ಆರು ವರ್ಷ ಈ ಜೋಡಿ ನಡೆಯಿತು. ಒಂಬತ್ತು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಮಂಜೇಶ್ ಏಣಿ ಸಮೇತ ಮೂವತ್ತು ಅಡಿಯಿಂದ ಬಿದ್ದ. ಕುತ್ತಿಗೆಯ ಮೂಳೆಗೆ ಪೆಟ್ಟು. ಕಾಲೆರಡೂ ಹೋದವು, ಎಡಗೈ ಹೋಯಿತು. ಬಲಗೈಯಲ್ಲಿ ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಮಾತ್ರ ಉಳಿದವು.

ಮುಂದಿನ ವರ್ಷದ ಕೊಯ್ಲಿಗೆ ಸುಧಾ ತಾವೇ ಏಣಿ ಹತ್ತಿದರು. ಕೆಳಗೆ ಕಾಲಿಡಲು ಕೂಸಪ್ಪ ಬಂದರು.

ಒಪ್ಪಿಕೊಂಡುಬಿಡುತ್ತೇನೆ, ನಾನು ಸುಧಾರನ್ನು ಹುಡುಕಿಕೊಂಡು ಬಂದದ್ದು ಈ ಸಾಹಸಕ್ಕಾಗಿ ಅಲ್ಲ. ಸುಂಟಿಕೊಪ್ಪ ಬಸ್ ನಿಲ್ದಾಣದ ಹತ್ತಿರ ಕವನಾ ಎಂಬವರ ಮೊಬೈಲ್ ಅಂಗಡಿಯಿದೆ. ಚಾರ್ಜರ್ ಕೊಳ್ಳಲು ಹೋದಾಗ ಪಕ್ಕದಲ್ಲಿ ನಿಂತಿದ್ದ ಇಬ್ಬರು, ಹಾಸಿಗೆ ಹಿಡಿದ ತಮ್ಮನಿಗೆ ಮಕ್ಕಳ ಆಟದ ಸಾಮಾನು ಕೊಳ್ಳಲು ಒಂದು ವರ್ಷ ಅಲೆದ ಹುಚ್ಚಿಯೊಬ್ಬಳ ಬಗ್ಗೆ ನಗಾಡುತ್ತಿದ್ದರು. ನನಗೂ ನಗು ಬಂತು. ಒಳ್ಳೆಯ ಬರಹವಾಗುತ್ತದೆ ಎಂದುಕೊಂಡೆ. ಕವನಾ ನಗಲಿಲ್ಲ. ಆ ಇಬ್ಬರು ಹೋದ ಮೇಲೆ, ಬರೆಯುವುದಾದರೆ ಆ ಮನೆಗೆ ಹೋಗಿ ನೋಡಿ ಬರೆಯಿರಿ, ಇಲ್ಲಿ ನಿಂತು ಬರೆಯಬೇಡಿ ಎಂದು ಗದರಿಸಿದರು. ಆ ನಗುವಿಗೆ ಈಗ ನಾಚಿಕೆಯಾಗುತ್ತದೆ.

ಮನೆ ಎಂದರೆ ಎರಡು ಕೋಣೆ, ಒಂದು ಒಲೆ, ಮುಂದೆ ನಾಲ್ಕು ಹೆಜ್ಜೆ ಅಂಗಳ. ಸುಧಾ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ತಮ್ಮನ ಮೈ ಒರೆಸಿ, ಮಗ್ಗುಲು ಬದಲಿಸಿ, ಬಟ್ಟೆ ಹಾಕಿ, ತಿಂಡಿ ತಿನ್ನಿಸಿ ತೋಟಕ್ಕೆ ಹೊರಡುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹಗಲು ಪಕ್ಕದ ಮನೆಯವರು ಬಂದು ಅಷ್ಟು ಮಾಡುತ್ತಾರೆ. ಮಧ್ಯಾಹ್ನ ಊಟದ ಬಿಡುವಿಗೆ ಸುಧಾ ಓಡಿ ಬಂದು ಓಡಿ ಹೋಗುತ್ತಾರೆ. ಭಾನುವಾರ ಕೆಲಸಕ್ಕೆ ರಜೆ. ಅವತ್ತು ಸಂತೆಗೆ ಹೋಗಿ ತರಕಾರಿಯ ಜೊತೆ ಒಂದು ಪೇಪರ್ ತರುತ್ತಾರೆ. ಮಂಜೇಶ್ ಪೇಪರ್ ಹಿಡಿಯಲಾರ. ಆದ್ದರಿಂದ ಪುರವಣಿಯ ಕೊನೆಯ ಪುಟದವರೆಗೂ ಅಕ್ಕ ಓದಿ ಹೇಳಬೇಕು. ನೀವು ಈಗ ಹಿಡಿದಿರುವ ಈ ಪುರವಣಿಯನ್ನೇ.

ಮಂಜೇಶ್‌ಗೆ ಮೂವತ್ತೆಂಟು. ಮುಖ ಮಾತ್ರ ಇಪ್ಪತ್ತೊಂಬತ್ತರಲ್ಲೇ ನಿಂತುಬಿಟ್ಟಿದೆ. ನಾನು ಕೂರುವ ಮೊದಲೇ ಅವನೇ ಮಾತು ಶುರು ಮಾಡಿದ. ಬಿದ್ದದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ, ನೀವೂ ಕೇಳುತ್ತೀರಿ, ಮೊದಲೇ ಹೇಳಿಬಿಡುತ್ತೇನೆ ಎಂದ.

"ಗೂಟ ಮುರೀತು. ಅಷ್ಟೇ ಬರ್ಕಳಿ."

ಬರೆದುಕೊಂಡೆ. ಸುಧಾ ಒಲೆಯ ಮುಂದೆ ಬೆನ್ನು ಮಾಡಿ ಕಾಫಿ ಸೋಸುತ್ತಿದ್ದರು.

ಹಾಸಿಗೆಯಲ್ಲಿ ಮಂಜೇಶನ ಬಲ ಮಗ್ಗುಲಿಗೆ, ಎರಡು ದಿಂಬಿನ ನಡುವೆ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಕೆಂಪು ಬಣ್ಣದ ಒಂದು ಡಬ್ಬಿ ಕೂತಿದೆ. ನಡುವೆ ಪುಟ್ಟ ಪರದೆ, ಎಡಕ್ಕೆ ದಿಕ್ಕಿನ ಗುಂಡಿ, ಬಲಕ್ಕೆ ಗುಂಡು ಹೊಡೆಯುವ ಗುಂಡಿ. ಹಿಂದೆ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಹಳೆಯ ವಿಡಿಯೋ ಗೇಮುಗಳೆಲ್ಲ ಈಗ ಇಂಥ ಡಬ್ಬಿಯೊಳಗೆ ಬರುತ್ತವೆ. ಅಂಗಡಿಯಲ್ಲಿ ಆ ಇಬ್ಬರು ನಗಾಡಿದ್ದು ಇದಕ್ಕೇ.

ಹೋದ ಮಳೆಗಾಲಕ್ಕೂ ಹಿಂದಿನ ಮಳೆಗಾಲದಲ್ಲಿ ಮಂಜೇಶನ ಹೆಬ್ಬೆರಳು ಸೋಲಲು ಶುರುವಾಯಿತು. ಚಮಚ ಜಾರತೊಡಗಿತು. ಮೈಸೂರಿನ ಡಾಕ್ಟರು, ಆ ಬೆರಳಿಗೆ ದಿನವೂ ಕೆಲಸ ಕೊಡಿ, ಕೊಟ್ಟಷ್ಟು ದಿನ ಉಳಿಯುತ್ತದೆ, ಕೊಡದಿದ್ದರೆ ಬೇಗ ಹೋಗುತ್ತದೆ ಎಂದರು. ಹಿಚುಕಲು ರಬ್ಬರ್ ಚೆಂಡು ಕೊಟ್ಟರು. ಮಂಜೇಶ್ ಅದನ್ನು ಎರಡನೇ ದಿನ ಮಂಚದಿಂದ ಕೆಳಗೆ ತಳ್ಳಿದ. ಸುಧಾ ಎತ್ತಿಕೊಟ್ಟರು. ಮತ್ತೆ ತಳ್ಳಿದ. ಒಂದು ವಾರ ಇದೇ ಆಯಿತು. ಆಮೇಲೆ ಒಂದು ದಿನ ಛಾವಣಿ ನೋಡುತ್ತಾ ಕೇಳಿದ.

"ಅಕ್ಕ, ಆ ಟ್ಯಾಂಕ್ ಗೇಮ್ ಈಗ್ಲೂ ಎಲ್ಲಾದ್ರೂ ಸಿಗುತ್ತಾ?"

ಹಾಸಿಗೆ ಹಿಡಿದ ಮೇಲೆ ತಮ್ಮ ಬಾಯಿಬಿಟ್ಟು ಕೇಳಿದ್ದು ಅದೊಂದೇ ಎಂದರು ಸುಧಾ. ಎಳನೀರು ಬೇಕು ಎಂದು ಕೂಡ ಕೇಳಿದವನಲ್ಲ.

ಆ ಟ್ಯಾಂಕ್ ಗೇಮ್ ಯಾವುದೆಂದು ಹೇಳಲು ಮೂವತ್ತು ವರ್ಷ ಹಿಂದೆ ಹೋಗಬೇಕು. ಆಗ ಸುಂಟಿಕೊಪ್ಪದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕ್ಯಾಸೆಟ್ ಬಾಡಿಗೆ ಕೊಡುವ ಅಂಗಡಿಯವನೊಬ್ಬ ಹಿಂಬದಿಯ ಕೋಣೆಯಲ್ಲಿ ಟಿವಿ ಇಟ್ಟು ವಿಡಿಯೋ ಗೇಮ್ ಆಡಿಸುತ್ತಿದ್ದ. ಅರ್ಧ ಗಂಟೆಗೆ ಎರಡು ರೂಪಾಯಿ. ಎರಡನೇ ಜಾಯ್‌ಸ್ಟಿಕ್ ಬೇಕೆಂದರೆ ಇನ್ನೂ ಎರಡು. ಸಂತೆಯ ದಿನ ಗಂಗಣ್ಣ ಇಬ್ಬರು ಮಕ್ಕಳಿಗೂ ಸೇರಿಸಿ ಕೊಡುತ್ತಿದ್ದುದೇ ಎರಡು ರೂಪಾಯಿ. ಹಾಗಾಗಿ ಒಂದೇ ಜಾಯ್‌ಸ್ಟಿಕ್ಕನ್ನು ಇಬ್ಬರೂ ಹಿಡಿಯುತ್ತಿದ್ದರು. ಟ್ಯಾಂಕನ್ನು ಆಚೀಚೆ ಓಡಿಸುವುದು ಮಂಜೇಶ್, ಗುಂಡು ಹೊಡೆಯುವುದು ಸುಧಾ. ಪರದೆಯ ತಳದಲ್ಲಿ ಇಟ್ಟಿಗೆ ಗೋಡೆಯೊಳಗೆ ಒಂದು ಹಕ್ಕಿ ಕೂತಿರುತ್ತದೆ. ಮೇಲಿನಿಂದ ಬರುವ ಟ್ಯಾಂಕುಗಳು ಆ ಹಕ್ಕಿಗೆ ಹೊಡೆದರೆ ಆಟ ಮುಗಿಯಿತು. ಗುಂಡಿಯನ್ನು ಒತ್ತಿಯೇ ಹಿಡಿದರೆ ಗುಂಡು ಹಾರುತ್ತಲೇ ಇರುತ್ತದೆ. ಎಂಟು ವರ್ಷದ ಮಂಜೇಶ್ ಅರ್ಧ ಗಂಟೆಯೂ "ಅಕ್ಕ, ಬೆರಳು ತೆಗೀಬೇಡ, ಬೆರಳು ತೆಗೀಬೇಡ" ಎಂದು ಬಡಬಡಿಸುತ್ತಿದ್ದನಂತೆ. ಇದನ್ನು ಹೇಳುವಾಗ ಸುಧಾ ಮುಖ ಒಂದು ಕ್ಷಣ ಅರಳಿತು.

"ದೊಡ್ಡವಳಾದ್ಮೇಲೆ ನಾಲ್ಕು ರೂಪಾಯಿ ಕೊಟ್ಟು ಇಬ್ರೂ ಒಂದೊಂದು ಹಿಡ್ಕಂಡು ಆಡಣ ಅಂತಿದ್ದೆ. ದೊಡ್ಡೋರಾಗೋದ್ರೊಳಗೆ ಆ ಅಂಗಡಿನೇ ಮುಚ್ತು."

ಹುಡುಕಾಟ ಶುರುವಾಯಿತು. ಒಂದು ಭಾನುವಾರ ದುಬಾರೆಗೆ ಬಸ್ ಹತ್ತಿದರು. ಆನೆ ನೋಡಲು ಬರುವವರಿಗಾಗಿ ಅಲ್ಲಿ ಸಾಲಾಗಿ ಆಟದ ಸಾಮಾನಿನ ಅಂಗಡಿಗಳಿವೆ. ಕೇಳಿದ್ದಕ್ಕೆ ಒಬ್ಬ ಇಟ್ಟಿಗೆ ಉದುರುವ ಬೂದು ಬಣ್ಣದ ಗೇಮು ಕೊಟ್ಟ. ಮಂಜೇಶ್ ಅಕ್ಕನ ಮುಖ ನೋಡಿ ಎರಡು ದಿನ ಆಡಿದ. ಮೂರನೇ ದಿನ, ಇದಲ್ಲ ಅಕ್ಕ ಎಂದ.

ಆಮೇಲೆ ಸುಧಾ ಕವನಾ ಅಂಗಡಿಯ ಮೆಟ್ಟಿಲು ಹತ್ತಿದರು. ಕವನಾ ಮೊದಲು ತಮ್ಮದೇ ಹಳೆಯ ಫೋನಿಗೆ ಟ್ಯಾಂಕಿನ ಆಟವೊಂದನ್ನು ಹಾಕಿಕೊಟ್ಟರು. ಕಾಸಿಲ್ಲದೆ ಮುಗಿಯಿತು ಎಂದುಕೊಂಡರು ಇಬ್ಬರೂ. ಮುಗಿಯಲಿಲ್ಲ. ಮಂಜೇಶನ ಹೆಬ್ಬೆರಳಿಗೆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ನುಣುಪು ಗಾಜಿನ ಮೇಲೆ ಬೆರಳು ಎಲ್ಲಿದೆ, ಒತ್ತಿತೋ ಇಲ್ಲವೋ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಬೆರಳನ್ನು ವಾಪಸು ತಳ್ಳುವ ನಿಜವಾದ ಗುಂಡಿಯೇ ಬೇಕು. ಗುಂಡಿ ಗಟ್ಟಿಯಿರಬಾರದು. ಡಬ್ಬಿ ಭಾರವಿರಬಾರದು. ಪರದೆ ಮಲಗಿದಲ್ಲಿಂದ ಕಾಣಬೇಕು. ಇಷ್ಟೂ ಇದ್ದು, ತೋಟದ ಕೂಲಿಯಲ್ಲಿ ಎಟಕುವ ಬೆಲೆಯಿರಬೇಕು. ಕವನಾ ಬಿಲ್ ಪುಸ್ತಕದ ಹಿಂದೆ ಇದೆಲ್ಲ ಬರೆದಿಟ್ಟುಕೊಂಡು ಆನ್‌ಲೈನ್‌ನಲ್ಲಿ ಹುಡುಕಲು ಕೂತರು.

ಮೊದಲು ಬಂದದ್ದರ ಗುಂಡಿ ಕಲ್ಲಿನಂತೆ ಗಟ್ಟಿ. ವಾಪಸು ಹೋಯಿತು. ಎರಡನೆಯದರ ಡಬ್ಬಿಯ ಮೇಲೆ ಒಂಬತ್ತು ಸಾವಿರ ಆಟ ಎಂದಿತ್ತು. ಒಳಗೆ ಇಪ್ಪತ್ತೇ ಆಟಗಳನ್ನು ಬೇರೆ ಬೇರೆ ನಂಬರ್ ಹಾಕಿ ತುಂಬಿದ್ದರು, ಅದರಲ್ಲಿ ಟ್ಯಾಂಕ್ ಇರಲಿಲ್ಲ. ಅದನ್ನು ವಾಪಸು ತೆಗೆದುಕೊಳ್ಳಲು ಮಾರಿದವನು ಒಪ್ಪಲಿಲ್ಲ. ಕವನಾ ಅದನ್ನು ತಮ್ಮ ಮಕ್ಕಳಿಗೆಂದು ಇಟ್ಟುಕೊಂಡರು. ಮಕ್ಕಳು ಅದನ್ನು ಮುಟ್ಟಿಯೂ ನೋಡಿಲ್ಲ ಎಂಬುದನ್ನು ಸುಧಾಗೆ ಹೇಳಬೇಡಿ ಎಂದಿದ್ದರು. ಹೇಳಿಬಿಟ್ಟೆ, ಕ್ಷಮಿಸಲಿ.

ಪಾರ್ಸೆಲ್ ಬಂದಾಗಲೆಲ್ಲ ಸುಧಾ ತೋಟದಿಂದ ನೇರ ಅಂಗಡಿಗೆ ಬಂದು, ಕೆಲಸದ ಕರೆ ಹತ್ತಿದ ಕೈ ಒರೆಸಿಕೊಂಡು, ಗುಂಡಿಗಳನ್ನು ಒಂದೊಂದಾಗಿ ಕಿರುಬೆರಳಿನಿಂದ ಒತ್ತಿ ಕಿವಿ ಹತ್ತಿರ ಹಿಡಿಯುತ್ತಿದ್ದರಂತೆ. "ನನ್ನ ಕಿರುಬೆರಳಿಗೆ ಬಗ್ಗಿದ್ರೆ ಅವನ ಹೆಬ್ಬೆರಳಿಗೂ ಬಗ್ಗುತ್ತೆ," ಎಂಬುದು ಅವರ ಲೆಕ್ಕ. ಕವನಾ ಇದನ್ನು ಹೇಳುವಾಗ ನನಗೆ ಏಣಿಯ ಗೂಟ ಕುಟ್ಟಿ ಕಿವಿಗೊಟ್ಟದ್ದು ನೆನಪಾಯಿತು.

ಈ ಕೆಂಪು ಡಬ್ಬಿ ಸಿಗುವಾಗ ಜನವರಿ ಬಂದಿತ್ತು. ಎರಡು ಸಾವಿರದ ಆರುನೂರು ರೂಪಾಯಿ. ಇನ್ನೂರು ಗ್ರಾಂಗಿಂತ ಹಗುರ. ಟ್ಯಾಂಕ್ ಗೇಮ್ ಇದೆ. ಜೊತೆಗೆ ವೈರಿನಲ್ಲಿ ಸಿಕ್ಕಿಸುವ ಇನ್ನೊಂದು ಪುಟ್ಟ ಜಾಯ್‌ಸ್ಟಿಕ್. ಅದಿಲ್ಲದ್ದು ಐನೂರು ಕಮ್ಮಿಗೇ ಸಿಗುತ್ತಿತ್ತು. ಸುಧಾ ಒಪ್ಪಲಿಲ್ಲ. ಅಂತೂ ಒಬ್ಬೊಬ್ಬರಿಗೆ ಒಂದೊಂದು.

ಮನೆಗೆ ತಂದ ದಿನ ಮಂಜೇಶ್ ಡಬ್ಬಿಯನ್ನು ಒಂದೇ ಕೈಯಲ್ಲಿ ಹಿಡಿದು ಆಡಲು ನೋಡಿದ. ಆಗಲಿಲ್ಲ. ದಿಕ್ಕಿಗೆ ಒಂದು ಹೆಬ್ಬೆರಳು, ಗುಂಡು ಹೊಡೆಯಲು ಇನ್ನೊಂದು ಹೆಬ್ಬೆರಳು ಬೇಕು. ಅವನಿಗಿರುವುದು ಒಂದೇ. ವರ್ಷವಿಡೀ ಗುಂಡಿಯ ಮೆದುತನ, ಡಬ್ಬಿಯ ತೂಕ, ಪರದೆಯ ಬೆಳಕು ಎಂದು ಅಳೆದ ಇಬ್ಬರು ಹೆಂಗಸರಿಗೂ ಈ ಸಣ್ಣ ವಿಷಯ ಹೊಳೆದೇ ಇರಲಿಲ್ಲ. ಸುಧಾ ನೆಲದ ಮೇಲೆ ಕೂತುಬಿಟ್ಟರು. ಮಂಜೇಶನೇ ಬಲ ಮಗ್ಗುಲಿಗೆ ಬಾ ಎಂದು ಕರೆದ. ಡಬ್ಬಿಯನ್ನು ಇಬ್ಬರ ನಡುವೆ ದಿಂಬಿನ ಮೇಲೆ ಇಟ್ಟರು. ಅದರ ಎಡ ಅರ್ಧಕ್ಕೆ ಮಂಜೇಶನ ಬಲ ಹೆಬ್ಬೆರಳು, ಬಲ ಅರ್ಧಕ್ಕೆ ಸುಧಾ ಬೆರಳು. ಮೂವತ್ತು ವರ್ಷದ ಹಿಂದಿನ ಹಾಗೆಯೇ. ಎರಡನೇ ಜಾಯ್‌ಸ್ಟಿಕ್ ಪ್ಲಾಸ್ಟಿಕ್ ಕವರಿನೊಳಗೇ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ.

ನನ್ನ ಮುಂದೆಯೂ ಆಡಿದರು. ಹೆಬ್ಬೆರಳು ದಿಕ್ಕಿನ ಗುಂಡಿಯ ಮೇಲೆ ನಿಧಾನವಾಗಿ ಹೊರಳುತ್ತದೆ. ಟ್ಯಾಂಕು ಗೋಡೆಗೆ ಹಾಯುತ್ತದೆ, ಹಿಂದೆ ಬರುತ್ತದೆ. ಜನವರಿಯಲ್ಲಿ ಒಂದೇ ಸಲಕ್ಕೆ ಮುಕ್ಕಾಲು ಗಂಟೆ ಆಡುತ್ತಿದ್ದವನಿಗೆ ಈಗ ಇಪ್ಪತ್ತು ನಿಮಿಷಕ್ಕೆ ಬೆರಳು ಸೋಲುತ್ತದೆ. ಡಾಕ್ಟರಿಗೂ ಅದು ಗೊತ್ತು. ಆಟ ಬೆರಳನ್ನು ಉಳಿಸುವುದಿಲ್ಲ, ಹೋಗುವುದನ್ನು ಸ್ವಲ್ಪ ತಡೆಯುತ್ತದೆ. ಮುಂದಿನ ಮಳೆಗಾಲ ದಾಟುತ್ತದೋ ಇಲ್ಲವೋ ಎಂದು ಮಂಜೇಶನೇ ಸಲೀಸಾಗಿ ಹೇಳಿದ. ನನಗೆ ಅಲ್ಲಿ ಕೂರಲು ಆಗಲಿಲ್ಲ, ಅಂಗಳಕ್ಕೆ ಬಂದೆ.

ಮಾರನೆಯ ಬೆಳಿಗ್ಗೆ ಮತ್ತೆ ತೋಟಕ್ಕೆ ಹೋದೆ. ಬರಹಕ್ಕೆ ಒಂದು ವಿವರ ಕಮ್ಮಿಯಿತ್ತು. ಏಣಿ ಅದೇ ಹಳೆಯದು, ಮಂಜೇಶ್ ಬಿದ್ದಾಗ ಜೊತೆಯಲ್ಲಿ ಬಿದ್ದದ್ದು ಎಂದು ಸುಧಾ ಹೇಳಿದ್ದರು. ಹಾಗಾದರೆ ಮುರಿದ ಗೂಟ ಯಾವುದು, ಹೊಸದಾಗಿ ಹಾಕಿಸಿದ್ದು ಯಾವಾಗ ಎಂದು ಕೂಸಪ್ಪನವರನ್ನು ಕೇಳಿದೆ. ಅವರು ನೀರಿನ ಬಾಟಲಿ ಎತ್ತಿಕೊಂಡು ಕಾಫಿ ಗಿಡಗಳ ನಡುವೆ ನಡೆದುಹೋದರು. ನಾನು ಏಣಿಯ ಪಕ್ಕ ಕೂತು ಒಂದೊಂದನ್ನೇ ಕುಟ್ಟಿ ನೋಡಿದೆ. ಇಪ್ಪತ್ತಾರು ಗೂಟವೂ ಒಂದೇ ಮರದ್ದು, ಒಂದೇ ಬಣ್ಣ, ಒಂದೇ ಸವೆತ.

ಸುಧಾ ನನ್ನೆದುರು ಬಂದು ಕೂತರು. ಚೀಲ ಬಿಚ್ಚಿ ಪಕ್ಕಕ್ಕಿಟ್ಟರು.

"ಗೂಟ ಮುರೀಲಿಲ್ಲ ಸರ್. ನಾನು ಕಾಲು ತೆಗ್ದೆ."

ಅವತ್ತು ಮಧ್ಯಾಹ್ನ ಮಂಜೇಶ್ ಮೇಲೆ ಹಗ್ಗ ಬಿಚ್ಚಿ "ಕಾಲು?" ಎಂದು ಕೇಳಿದ. ಸುಧಾ ಗೂಟ ಮೆಟ್ಟಿ "ಇಟ್ಟಿದೀನಿ" ಎಂದರು. ಅಷ್ಟರಲ್ಲಿ ಮೇಲಿನಿಂದ ಅವನ ತುಂಬಿದ ಚೀಲ ಜಾರಿ ಕೆಳಗೆ ಬಿತ್ತು. ಬಾಯಿ ಬಿಚ್ಚಿ ಮೆಣಸೆಲ್ಲ ಇಳಿಜಾರಿನಲ್ಲಿ ತೋಡಿನ ನೀರಿನ ಕಡೆ ಉರುಳತೊಡಗಿತು. ಬೆಳಿಗ್ಗೆಯಿಂದ ಕೊಯ್ದ ಮೆಣಸು. ಕೊಯ್ಲಿನ ಕೂಲಿ ಇರುವುದು ಕಿಲೋ ಲೆಕ್ಕದಲ್ಲಿ. ಉರುಳುವುದನ್ನು ಕಂಡರೆ ಬುಡದಲ್ಲಿರುವವರ ಕೈ ತಾನಾಗಿ ಮುಂದೆ ಹೋಗುತ್ತದೆ. ಸುಧಾ ನಾಲ್ಕು ಹೆಜ್ಜೆ ಓಡಿ ಚೀಲದ ಬಾಯಿ ಹಿಡಿದರು. ತಿರುಗುವಷ್ಟರಲ್ಲಿ ಏಣಿ ಜಾರಿತ್ತು.

"ಅವನು ಮೇಲಿಂದ ನನ್ನೇ ನೋಡ್ತಿದ್ದ ಸರ್. ಬೀಳೋವಾಗ್ಲೂ ನೋಡ್ತಿದ್ದ. ಆಸ್ಪತ್ರೇಲಿ ಕಣ್ಣು ಬಿಟ್ಟ ತಕ್ಷಣ ಅಮ್ಮನ ಹತ್ರ, ಗೂಟ ಮುರೀತಮ್ಮ ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಹೂಂ ಅಂದೆ."

ಆ ಒಂದು ಹೂಂ ಅಲ್ಲಿಗೇ ನಿಲ್ಲಲಿಲ್ಲ. ಆ ಏಣಿಯನ್ನು ಕಟ್ಟಿದವರು ಕೂಸಪ್ಪ. ಸಂಪಾಜೆ ಕಡೆಯಿಂದ ಬಂದ ಅವರು ಈ ಭಾಗದಲ್ಲಿ ಬಿದಿರಿನ ಏಣಿಗೆ ಹೆಸರಾದವರು. ಪ್ರತಿ ಜನವರಿಯಲ್ಲಿ ಹದಿನೈದು ಇಪ್ಪತ್ತು ಏಣಿ ಅವರ ಅಂಗಳದಿಂದ ತೋಟಗಳಿಗೆ ಹೋಗುತ್ತಿದ್ದವು. ಕೂಸಪ್ಪನ ಏಣಿಯ ಗೂಟ ಮುರಿದು ಹುಡುಗ ಬಿದ್ದನಂತೆ ಎಂಬ ಸುದ್ದಿ ಹಬ್ಬಿತು. ಮುಂದಿನ ಜನವರಿಯಲ್ಲಿ ಅವರಿಗೆ ಹೇಳಿಕಳಿಸಿದವರು ಇಬ್ಬರೇ. ಅದರ ಮುಂದಿನ ವರ್ಷ ಯಾರೂ ಇಲ್ಲ. ತೋಟಗಳಿಗೆ ಅಲ್ಯುಮಿನಿಯಂ ಏಣಿ ಬಂದವು. ಸುಧಾ ತಾಯಿ ಸುಲೋಚನಮ್ಮ ನಾಲ್ಕು ವರ್ಷದ ಹಿಂದೆ ತೀರಿಕೊಳ್ಳುವವರೆಗೂ ಬೆಳಿಗ್ಗೆ ಎದ್ದು ಮೊದಲು ಮಾಡುತ್ತಿದ್ದ ಕೆಲಸ ಕೂಸಪ್ಪನಿಗೆ ಶಾಪ ಹಾಕುವುದು. ಮಗಳು ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದರು.

ಕೂಸಪ್ಪನವರಿಗೆ ತಮ್ಮ ಗೂಟ ಮುರಿದಿಲ್ಲವೆಂದು ಗೊತ್ತಿತ್ತು. ಬಿದ್ದ ಏಣಿಯನ್ನು ಎತ್ತಿ ತಂದವರೇ ಅವರು. ಅದನ್ನು ನಾಲ್ಕು ಜನರ ಮುಂದೆ ಒಯ್ದು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ. ಅಕ್ಕ, ತಮ್ಮ, ವಯಸ್ಸಾದ ತಾಯಿ ಇಷ್ಟೇ ಉಳಿದ ಮನೆ, ಅದೂ ಒಡೆದರೆ ಆ ಹುಡುಗನಿಗೆ ನೀರು ಕೊಡುವವರು ಯಾರು ಎಂದು ಸುಮ್ಮನಾದೆ ಎಂದು ಆಮೇಲೆ ನನಗೆ ಹೇಳಿದರು. ಸುಧಾ ಏಣಿ ಹತ್ತುತ್ತೇನೆಂದು ಹೊರಟಾಗ ಯಾರೂ ಬುಡಕ್ಕೆ ಬರಲು ಒಪ್ಪದಿದ್ದಾಗ ತಾವೇ ಬಂದು ನಿಂತರು. ಅದೂ ಯಾಕೆಂದು ಕೇಳಿದೆ.

"ನನ್ನ ಏಣಿ ಗಟ್ಟಿ ಅಂತ ಗೊತ್ತಿರೋಳು ಅವಳೊಬ್ಳೇ. ಇನ್ಯಾರು ಹತ್ತುತ್ತಾರೆ?"

ಒಂಬತ್ತು ವರ್ಷ ಮೂವರೂ ಹೀಗೆಯೇ ನಡೆಸಿದ್ದಾರೆ. ಯಾರೂ ಯಾರನ್ನೂ ಕೇಳಲಿಲ್ಲ. ಇನ್ನೂ ಹೀಗೆಯೇ ನಡೆದುಬಿಡುತ್ತಿತ್ತೇನೋ. ಆ ಕೆಂಪು ಡಬ್ಬಿ ಮನೆಗೆ ಬಂದ ಮೊದಲ ದಿನ, ಆಟ ಶುರುವಾಗಿ ಐದು ನಿಮಿಷಕ್ಕೆ, ಮಂಜೇಶ್ ಹಳೆಯ ಹುರುಪಿನಲ್ಲಿ ಹಳೆಯ ಮಾತನ್ನೇ ಅಂದ. "ಅಕ್ಕ, ಬೆರಳು ತೆಗೀಬೇಡ." ಸುಧಾ ಬೆರಳು ಗುಂಡಿಯಿಂದ ಎದ್ದುಹೋಯಿತು. ಹಕ್ಕಿ ಸತ್ತು ಆಟ ಮುಗಿಯಿತು. ತಮ್ಮ ನಕ್ಕ. ಅಕ್ಕ ಅಂಗಳಕ್ಕೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದರು.

"ಅವತ್ತಿಂದ ದಿನಾ ಆಡ್ತೀವಿ. ದಿನಾ ಹೇಳಣ ಅಂತ ಕೂರ್ತೀನಿ. ಅವನ ಬೆರಳು ಒತ್ತೋದು ನೋಡ್ತಾ ಬಾಯಿ ಕಟ್ಟೋಗುತ್ತೆ. ಆ ಬೆರಳು ನಿಂತೋದ್ರೆ ಆಟನೂ ನಿಲ್ಲುತ್ತೆ, ಅಷ್ಟು ಹತ್ರ ಕೂರೋದೂ ನಿಲ್ಲುತ್ತೆ. ಆಮೇಲೆ ಯಾವಾಗ ಹೇಳ್ಲಿ?"

ಇದಿಷ್ಟು ಕೇಳುವಾಗ ನನ್ನ ನೋಟ್‌ಬುಕ್ ಮುಚ್ಚಿತ್ತು. ಇಂಥದ್ದು ಸಿಕ್ಕರೆ ಬಿಡಬೇಡ ಎಂದು ನನಗೆ ಈ ಕಸುಬು ಕಲಿಸಿದವರು ಹೇಳಿದ್ದರು. ಆದರೆ ಒಂದು ಮನೆಯ ಒಂಬತ್ತು ವರ್ಷದ ಮಾತನ್ನು ಪುರವಣಿಯಲ್ಲಿ ಅಚ್ಚು ಹಾಕಲು ನಾನು ಯಾರು? ವಾಪಸು ಬಂದು ಎರಡು ರೀತಿಯಲ್ಲಿ ಬರೆದೆ. ಒಂದರಲ್ಲಿ ಗೂಟ ಮುರಿದಿತ್ತು. ಅದು ಚೆನ್ನಾಗಿಯೇ ಇತ್ತು. ಸಾಹಸಿ ಹೆಂಗಸು, ತಮ್ಮನ ಮೇಲಿನ ಪ್ರೀತಿ, ಪುಟ್ಟ ಗೇಮು, ಎಲ್ಲವೂ ಇತ್ತು. ಓದಿದವರು ಒಂದು ನಿಟ್ಟುಸಿರು ಬಿಟ್ಟು ಪುಟ ತಿರುಗಿಸಬಹುದಾಗಿತ್ತು.

ಗುರುವಾರ ಸಂಜೆ ಸುಧಾಗೆ ಫೋನ್ ಮಾಡಿ, ಯಾವುದನ್ನು ಕೊಡಲಿ ಎಂದು ಕೇಳಿದೆ. ಹಿಂದಿನಿಂದ ಟ್ಯಾಂಕಿನ ಗುಂಡು ಹಾರುವ ಸದ್ದು ಕೇಳುತ್ತಿತ್ತು. ಸ್ವಲ್ಪ ಇರಿ ಎಂದು ಅಂಗಳಕ್ಕೆ ಬಂದರು. ಸದ್ದು ದೂರವಾಯಿತು.

"ನಂದು ಹೆಂಗಾದ್ರೂ ಬರೀರಿ ಸರ್. ಕೂಸಪ್ಪಣ್ಣನ ಗೂಟ ಗಟ್ಟಿ ಇತ್ತು ಅಂತ ಮಾತ್ರ ಬರೀಲೇಬೇಕು. ಹೆಸರು ಹಾಕಿ. ಬರೋ ಜನವರಿಲಿ ಒಬ್ರಾದ್ರೂ ಅವರತ್ರ ಏಣಿ ಕಟ್ಟಿಸ್ಲಿ."

ಅದೊಂದೇ ಅವರು ಕೇಳಿದ್ದು. ಹಾಗಾಗಿ ಹೆಸರು ಹಾಕಿ ಬರೆಯುತ್ತಿದ್ದೇನೆ. ಕೂಸಪ್ಪ ಕಟ್ಟಿದ ಏಣಿಯ ಇಪ್ಪತ್ತಾರು ಗೂಟಗಳನ್ನೂ ನಾನು ಕೈಯಾರೆ ಕುಟ್ಟಿ ನೋಡಿದ್ದೇನೆ. ಒಂದೂ ಮುರಿದಿಲ್ಲ.

ಮಂಜೇಶನಿಗೆ ಏನು ಹೇಳುತ್ತೀರಿ ಎಂದು ಕೇಳಿದೆ. ಪೇಪರ್ ಓದಿ ಹೇಳುವವರು ಅವರೇ. ಇಷ್ಟು ಬಿಟ್ಟು ಮುಂದಕ್ಕೆ ಹಾರಿದರೆ ಅವನಿಗೆ ಗೊತ್ತೂ ಆಗುವುದಿಲ್ಲ. ಒಳಗಿನಿಂದ ಮಂಜೇಶ್ ಅಕ್ಕ ಎಂದು ಕರೆದದ್ದು ನನಗೂ ಕೇಳಿಸಿತು. ಸುಧಾ ಬಂದೆ ಎಂದು ಅವನಿಗೆ ಕೂಗಿ ಹೇಳಿ, ಫೋನಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಹೇಳಿದರು.

"ಭಾನುವಾರ ಆಟಕ್ಕೆ ಕೂತಾಗ್ಲೇ ಓದ್ತೀನಿ. ಒಂದು ಕೈಲಿ ಪೇಪರ್ ಹಿಡ್ಕಂತೀನಿ. ಇನ್ನೊಂದು ಕೈ ಬೆರಳು ಗುಂಡಿ ಮೇಲೇ ಇರುತ್ತೆ. ಈ ಸಲ ತೆಗೆಯಲ್ಲ."